ಹದವಾದ ದೋಸೆ, ಹಸಿ ಕಾದಂಬರಿ

"ತಲೆ ಕಡೆಯವರು ತಡೀರಿ. ಕಾಲಿನ ಕಡೆ ಮೊದಲು ತಿರುಗಲಿ. ಅವಸರ ಬೇಡ," ಎಂದರು ಕುಟ್ಟಪ್ಪ.

ಮೂರನೆಯ ಮಹಡಿಯಿಂದ ಇಳಿಯುವ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತ್ತು. ದಿಲ್ಲಿಯ ಲಕ್ಷ್ಮೀ ನಗರದ ಆ ಕಟ್ಟಡದ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ, ಒಬ್ಬರು ಹತ್ತಬೇಕಾದರೆ ಇಳಿಯುವವರು ಗೋಡೆಗೆ ಅಂಟಿ ನಿಲ್ಲಬೇಕು. ಕಾಲಿನ ಕಡೆಯ ಬಿದಿರಿಗೆ ಹೆಗಲು ಕೊಟ್ಟಿದ್ದ ರಿತೇಶ್ ಒಂದು ಮೆಟ್ಟಿಲು ಕೆಳಗಿಳಿದು ಮೊಣಕಾಲು ಬಗ್ಗಿಸಿದ. ಅಪ್ಪನ ಪಾದ ಅವನ ಕಿವಿಗೆ ತಾಗಿತು. ತಣ್ಣಗಿತ್ತು. ಎರಡನೆಯ ಮಹಡಿಯ ಕೋಚಿಂಗ್ ಸೆಂಟರಿನ ವಿದ್ಯಾರ್ಥಿಗಳು ಬ್ಯಾಗುಗಳನ್ನು ಎದೆಗೆ ಅವಚಿಕೊಂಡು ಸಾಲಾಗಿ ಗೋಡೆಗೆ ಒರಗಿದ್ದರು. ಅವರಲ್ಲೊಬ್ಬಳು, "ಅರೇ, ಡೋಸಾ ವಾಲೇ ಅಂಕಲ್!" ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

"ಈಗ ಎಡಕ್ಕೆ. ಹಾಂ, ಬಂತು."

ಕುಟ್ಟಪ್ಪ ಕೊಡಗಿನವರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ಮೇಲೆ ನೋಯ್ಡಾದಲ್ಲಿ ಮಗನ ಜತೆ ಇದ್ದರು. ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಮೆಟ್ರೋ ಹಿಡಿದು ರಿತೇಶನ ಅಪ್ಪ ಜಯಾನಂದನ ಹೋಟೆಲಿಗೆ ಬಂದು, ನೀರುದೋಸೆ ತಿಂದು, ಸಂಜೆಯವರೆಗೆ ಹರಟಿ ಹೋಗುತ್ತಿದ್ದರು. ನಿನ್ನೆ ಮಧ್ಯಾಹ್ನ ಕಾವಲಿಯ ಮುಂದೆ ಜಯಾನಂದ ಎದೆ ಹಿಡಿದುಕೊಂಡು ಕುಸಿದಾಗಲೂ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರು ಇವರೇ. ರಿತೇಶ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೊನೆಯ ಮೆಟ್ಟಿಲಿಗೆ ಬಂದಾಗ ರಿತೇಶನ ಕಾಲು ತಪ್ಪಿತು. ಚಟ್ಟ ಒಂದು ಕಡೆಗೆ ವಾಲಿತು. ಹಿಂದಿನಿಂದ ಯಾರೋ ಹಿಡಿದುಕೊಂಡರು. ಬಾಗಿಲಾಚೆ, ವಿದ್ಯುತ್ ತಂತಿಗಳ ಗೋಜಲಿನ ಕೆಳಗೆ, ಬಿಳಿ ಕುರ್ತಾ ತೊಟ್ಟು ಕೈಯಲ್ಲಿ ಸುಗಂಧರಾಜದ ಹಾರ ಹಿಡಿದು ವಿಮರ್ಶಕ ಚಂದ್ರಮೋಹನ ನಿಂತಿದ್ದರು.

"ದೊಡ್ಡ ಲೇಖಕರು. ಕನ್ನಡಕ್ಕೆ ನಷ್ಟ," ಎಂದು ಅವರು ಹಾರವನ್ನು ಅಪ್ಪನ ಎದೆಯ ಮೇಲಿಟ್ಟರು.

ಕುಟ್ಟಪ್ಪ ಅವರನ್ನೇ ನೋಡಿದರು. ಹಾರವನ್ನು ಸ್ವಲ್ಪ ಕೆಳಕ್ಕೆ ಸರಿಸಿದರು.

*

ಜಯಾನಂದ ಬೈಂದೂರಿನ ಕಡೆಯವನು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೆಂಟಕ್ಕೆ ದಿಲ್ಲಿ ರೈಲು ಹತ್ತಿ, ಕರೋಲ್‌ಬಾಗಿನಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ಭಟ್ಟಿಯ ಮುಂದೆ ನಿಂತು, ನಲವತ್ತಾದ ಮೇಲೆ ಲಕ್ಷ್ಮೀ ನಗರದಲ್ಲಿ ಎಂಟು ಟೇಬಲ್ಲಿನ ಸ್ವಂತ ಹೋಟೆಲು ಇಟ್ಟವನು. ಚುನಾವಣೆ ಬಂದಾಗಲೆಲ್ಲ ಪಕ್ಷಗಳ ಕಚೇರಿಗಳಿಗೆ ಇಡ್ಲಿ-ವಡೆಯ ಪಾರ್ಸೆಲ್ ಅವನದೇ. ಈ ಪಕ್ಷ ಆ ಪಕ್ಷ ಎಂಬ ಭೇದವಿರಲಿಲ್ಲ. ಕೋಣೆಯೊಳಗೆ ಇಡ್ಲಿ ತಂದವನನ್ನು ಯಾರೂ ಮನುಷ್ಯನೆಂದು ಗಣಿಸದ ಕಾರಣ, ಅವನೆದುರು ಯಾರೂ ದನಿ ತಗ್ಗಿಸುತ್ತಿರಲಿಲ್ಲ.

ಅವನಿಗೆ ಓದುವ ಹುಚ್ಚಿತ್ತು. ಕನ್ನಡ ಸಂಘದ ಲೈಬ್ರರಿಯ ಪುಸ್ತಕಗಳು ಮುಗಿದ ಮೇಲೆ ಅವನ್ನೇ ಮತ್ತೆ ಮೊದಲಿನಿಂದ ಓದಿದ. ಐವತ್ತೆಂಟಕ್ಕೆ ಬರೆಯಲು ಕೂತ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರರಿಂದ ಐದರವರೆಗೆ, ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲು ಅವನದು. ಆ ಹೊತ್ತಿನಲ್ಲಿ ಅಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಮತದಾನಕ್ಕೆ ಮುಂಚಿನ, ಸೈಲೆನ್ಸ್ ಪೀರಿಯಡ್ ಎನ್ನುವ ಮೌನದ ಎರಡು ದಿನಗಳಲ್ಲಿ, ಪ್ರಚಾರ ನಿಂತಿದೆ ಎಂದು ಎಲ್ಲರೂ ನಂಬಿರುವಾಗ, ನಿಜವಾಗಿ ಏನೇನು ನಡೆಯುತ್ತದೆ ಎಂಬುದು ಅವನ ಕಾದಂಬರಿಯ ವಸ್ತು. ಹೆಸರು 'ನಲವತ್ತೆಂಟು ಗಂಟೆ'.

ಅರ್ಧ ಬರೆದು ಕೈ ಕಟ್ಟಿದಂತಾಗಿದ್ದ ಒಂದು ಮಧ್ಯಾಹ್ನ ರಿತೇಶ್ ಏರ್‌ಪೋರ್ಟಿನಿಂದ ನೇರವಾಗಿ ಹೋಟೆಲಿಗೆ ಬಂದ. ಅವನು ನೋಯ್ಡಾದಲ್ಲಿ ಪಕ್ಷಗಳಿಗೆ ಚುನಾವಣಾ ಪ್ರಚಾರ ನಡೆಸಿಕೊಡುವ ಕಂಪನಿಯಲ್ಲಿದ್ದ. ದೂರದ ಒಂದು ರಾಜ್ಯದ ಚುನಾವಣೆ ಮುಗಿಸಿ ಬಂದಿದ್ದ. ಗೆದ್ದಿದ್ದರು. ಆದರೂ ಮುಖ ಬೂದಿಯಾಗಿತ್ತು. ಅಪ್ಪ ಇಟ್ಟ ಕಾಫಿಯನ್ನು ಮುಟ್ಟದೆ ಹೇಳಿದ:

"ಒಂದು ಆಡಿಯೋ ಕ್ಲಿಪ್ ಮಾಡಿದ್ವಿ ಅಪ್ಪ. ಫೇಕ್. ಬೂತ್ ಆಫೀಸರ್ ಒಬ್ಬ ಎದುರು ಪಾರ್ಟಿ ಜೊತೆ ಡೀಲ್ ಮಾಡೋ ಥರ. ಸ್ಕ್ರಿಪ್ಟ್ ನಂದೇ. ಆ ಆಫೀಸರ್ ಒಬ್ಬ ಸ್ಕೂಲ್ ಮೇಷ್ಟ್ರು, ಅಷ್ಟೇ, ಬಸ್. ಅವರಿಗೆ ಏನೂ ಗೊತ್ತೇ ಇಲ್ಲ. ಊರವರು ಮನೆಗೆ ನುಗ್ಗಿದ್ರು. ಮೂರನೇ ದಿನ ಸ್ಕೂಲ್ ಬಾವಿಯಲ್ಲಿ ಸಿಕ್ಕಿದ್ರು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಜಲಜಾಕ್ಷಿಗೆ ಎಲ್ಲ ಕೇಳಿಸಿತ್ತು.

ಅಪ್ಪ ಒಂದೇ ಮಾತು ಕೇಳಿದ. "ಅವರ ಹೆಸರೇನು?"

ರಿತೇಶನಿಗೆ ಗೊತ್ತಿರಲಿಲ್ಲ. ಕಂಪನಿಯ ಕಾಗದಗಳಲ್ಲಿ ಆ ಮನುಷ್ಯ ಬೂತಿನ ನಂಬರ್ ಆಗಿದ್ದ.

ಕಾದಂಬರಿಯಲ್ಲಿ ಅಪ್ಪ ಆತನಿಗೆ ಶ್ರೀವತ್ಸ ಮೇಷ್ಟ್ರು ಎಂದು ಹೆಸರಿಟ್ಟ. ಹೆಂಡತಿಯನ್ನು ಕೊಟ್ಟ, ಸೈಕಲ್ಲು ಕೊಟ್ಟ, ಗಣಿತ ಹೇಳಿಕೊಡುವಾಗ ಸೀಮೆಸುಣ್ಣದ ಪುಡಿಯನ್ನು ಊದುವ ಅಭ್ಯಾಸ ಕೊಟ್ಟ. ಇದೆಲ್ಲ ಅಮ್ಮ ಹೇಳಿ ರಿತೇಶನಿಗೆ ಗೊತ್ತು. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ಅವನಿಗೆ ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಅಷ್ಟಿಷ್ಟು ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅಪ್ಪನ ಪುಸ್ತಕವನ್ನು ಅವನು ಓದಿರಲಿಲ್ಲ.

*

ಶವದ ವ್ಯಾನು ಐಟಿಓ ಸೇತುವೆಯ ಮೇಲೆ ನಿಂತುಬಿಟ್ಟಿತು. ಹೊರಗೆ ನವೆಂಬರಿನ ಹೊಗೆ. ನದಿ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಅಮ್ಮ ಅಪ್ಪನ ತಲೆಯ ಬಳಿ ಕೂತಿದ್ದಳು. ಸೋದರಮಾವ ದಿಲೀಪ್ ಮೌನವನ್ನು ತಡೆಯಲಾರದ ಮನುಷ್ಯ. ಮಯೂರ ವಿಹಾರದಲ್ಲಿ ಅವನದೂ ಒಂದು ಹೋಟೆಲಿತ್ತು.

"ಭಾವನ ಕೈಯ ಹದ ಯಾರಿಗೂ ಬರ್ಲಿಲ್ಲ," ಎಂದ. "ಪೇಪರಿನಲ್ಲೂ ಬಂದಿತ್ತಲ್ಲ, ಹದವಾದ ದೋಸೆ, ಹಸಿ ಕಾ..."

ಅರ್ಧಕ್ಕೆ ನಿಲ್ಲಿಸಿದ. ಆದರೆ ವ್ಯಾನಿನಲ್ಲಿದ್ದವರೆಲ್ಲ ಮನಸ್ಸಿನಲ್ಲೇ ಅದನ್ನು ಪೂರ್ತಿ ಮಾಡಿಕೊಂಡಿದ್ದರು. ದಿಲ್ಲಿಯ ಕನ್ನಡಿಗರಲ್ಲಿ ಆ ಸಾಲು ಗೊತ್ತಿಲ್ಲದವರು ಯಾರು?

"ನೀನು ಓದಿದ್ದೀಯಾ ದಿಲೀಪ?" ಕುಟ್ಟಪ್ಪ ಕೇಳಿದರು.

"ದೋಸೆ ಲೈನಾ?"

"ಕಾದಂಬರಿ."

"ಟೈಮ್ ಎಲ್ಲಿ ಅಂಕಲ್. ಭಾವ ಒಂದು ಕಾಪಿ ಕೊಟ್ಟಿದ್ರು. ಇದೆ ಮನೇಲಿ."

"ನಾನು ಮೂರು ಸಲ ಓದಿದೆ," ಎಂದರು ಕುಟ್ಟಪ್ಪ. "ಚುನಾವಣೆ ಡ್ಯೂಟಿಗೆ ನಮ್ಮನ್ನೂ ಹಾಕಿದ್ರು, ಆರು ಸಲ. ಗುಡ್ಡದ ಮೇಲಿನ ಬೂತು, ಬಯಲಿನ ಬೂತು, ಎಲ್ಲ ಕಂಡಿದ್ದೇನೆ. ಆ ಮೇಷ್ಟ್ರು ಸಾಯೋ ಭಾಗ ಓದಿ ಎರಡು ದಿನ ನನಗೆ ಊಟ ಸೇರಿಲ್ಲ."

ಅಮ್ಮ ತಲೆಯೆತ್ತಲಿಲ್ಲ. ಅಪ್ಪನ ಹಣೆಯ ಮೇಲೆ ಜಾರಿದ್ದ ಗಂಧವನ್ನು ಬೆರಳಿನಿಂದ ಸರಿಮಾಡಿದಳು. ರಿತೇಶ್ ಕಿಟಕಿಯ ಕಡೆ ತಿರುಗಿದ.

*

ಪುಸ್ತಕ ಬಿಡುಗಡೆಯಾಗಿ ಎರಡು ವಾರಕ್ಕೆ ಕಂಪನಿಯ ಯಜಮಾನ ಅಭಿಷೇಕ್ ರಿತೇಶನನ್ನು ಕ್ಯಾಬಿನ್ನಿಗೆ ಕರೆದಿದ್ದ. "ಬೆಂಗಳೂರು ಆಫೀಸಿನವರು ಹೇಳ್ತಿದ್ದಾರೆ, ನಿನ್ನ ಫಾದರ್ ನಮ್ಮ ಮೇಲೆ ನಾವೆಲ್ ಬರೆದಿದ್ದಾರಂತೆ?" ಎಂದು ಹಿಂದಿಯಲ್ಲಿ, ನಗುತ್ತಲೇ ಕೇಳಿದ್ದ. ಅಭಿಷೇಕ್ ಕೋಪಿಸಿಕೊಂಡವನಲ್ಲ. ಕೋಪಿಸಿಕೊಳ್ಳದೆಯೇ ಜನರನ್ನು ಮನೆಗೆ ಕಳಿಸುತ್ತಿದ್ದ. ರಿತೇಶ್, "ಪೂರಾ ಫಿಕ್ಷನ್ ಸರ್," ಎಂದ. "ಹಾಗಂತ ಇನ್ಯಾರಾದರೂ ಹೇಳಿದರೆ ಚೆನ್ನಾಗಿರುತ್ತೆ," ಎಂದ ಅಭಿಷೇಕ್.

ಮರುದಿನ ರಿತೇಶ್ ಲೋಧಿ ಕಾಲೋನಿಗೆ ಹೋದ. ಚಂದ್ರಮೋಹನ ಕೇಂದ್ರ ಸರ್ಕಾರದ ಅಧಿಕಾರಿ. ಮೂವತ್ತು ವರ್ಷಗಳಿಂದ ಬೆಂಗಳೂರಿನ ಪತ್ರಿಕೆಗಳಿಗೆ ವಿಮರ್ಶೆ ಬರೆಯುತ್ತಿದ್ದವರು. ದಿಲ್ಲಿಯ ಕನ್ನಡಿಗರು ಯಾವ ಪುಸ್ತಕವನ್ನು ಹೊಗಳಬೇಕು, ಯಾವುದನ್ನು ಮರೆಯಬೇಕು ಎಂಬುದು ಅವರ ಫ್ಲ್ಯಾಟಿನ ವರಾಂಡದಲ್ಲಿ ತೀರ್ಮಾನವಾಗುತ್ತಿತ್ತು. ಅಪ್ಪನ ಪುಸ್ತಕ ಅವರ ಮುಂದೆಯೇ ಇತ್ತು. ಪುಟಗಳ ನಡುವೆ ಹತ್ತಾರು ಚೀಟಿಗಳು.

"ಬಾರಯ್ಯ. ನಿಮ್ಮಪ್ಪ ಇಷ್ಟು ಚೆನ್ನಾಗಿ ಬರೀತಾರೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಚಂದ್ರಮೋಹನ ಎದ್ದು ನಿಂತರು. "ಆ ಮೇಷ್ಟ್ರ ಅಧ್ಯಾಯ ಇದೆಯಲ್ಲ, ಕಂಡು ಬರೆದ ಹಾಗಿದೆ. ಅದನ್ನೇ ಹಿಡಿದು ಬರೀಬೇಕು ಅಂತಿದ್ದೇನೆ."

"ಅಂಕಲ್, ಅದನ್ನೇ ಬರೀಬೇಡಿ," ಎಂದ ರಿತೇಶ್. "ಉಲ್ಟಾ ಬರೀರಿ. ಇದೆಲ್ಲ ಇಮ್ಯಾಜಿನೇಶನ್, ರಿಯಲ್ ಎಲೆಕ್ಷನ್‌ಗೂ ಇದಕ್ಕೂ ಕನೆಕ್ಷನ್ನೇ ಇಲ್ಲ ಅಂತ. ನನ್ನ ನೌಕರಿ ಹೋಗುತ್ತೆ ಅಂಕಲ್."

ಚಂದ್ರಮೋಹನ ಕೂತರು. ಕನ್ನಡಕ ತೆಗೆದು ಒರೆಸಿದರು. ಹೊರಗೆ ಬೇವಿನ ಮರದ ಕೆಳಗೆ ತರಕಾರಿ ಭಯ್ಯಾ ಮೂಲಂಗಿ ಕೂಗುತ್ತಿದ್ದ. ಕನ್ನಡಕ ಮತ್ತೆ ಹಾಕಿಕೊಂಡು, "ಧಾರಿಣಿ ಮಾಸ್ ಕಮ್ಯುನಿಕೇಶನ್ ಮುಗಿಸಿ ಒಂದು ವರ್ಷ ಆಯ್ತು," ಎಂದರು. "ನಿಮ್ಮ ಕಂಪನಿಯಲ್ಲಿ ಅವಳಂಥವರಿಗೆ ಏನಾದರೂ ಇರುತ್ತಾ?"

ಧಾರಿಣಿ ಅವರ ಮಗಳು. ಮುಂದಿನ ತಿಂಗಳು ಅವಳು ರಿತೇಶನ ತಂಡಕ್ಕೆ ಸೇರಿದಳು.

ವಿಮರ್ಶೆ ಬಂದ ದಿನ ಅಪ್ಪ ಬೇಸಿನ್ನಿನ ಪಕ್ಕದ ಟೇಬಲ್ಲಿನಲ್ಲಿ ಕೂತು ಅದನ್ನು ಮಗನಿಗೆ ಗಟ್ಟಿಯಾಗಿ ಓದಿ ಹೇಳಿದ. ಎಲ್ಲೂ ತಡವರಿಸಲಿಲ್ಲ. "ಲೇಖಕರ ಹೋಟೆಲಿನಲ್ಲಿ ದೋಸೆ ಹದವಾಗಿರುತ್ತದೆ, ಕಾದಂಬರಿ ಮಾತ್ರ ಹಸಿ. ಗಲ್ಲಾದ ಹಿಂದೆ ಕೂತು ಟಿವಿಯಲ್ಲಿ ನೋಡಿದ ಚುನಾವಣೆ ಇದು. ಮೇಷ್ಟ್ರ ಸಾವಿನಂಥ ಅಗ್ಗದ ಕರುಣಾಜನಕ ಪ್ರಸಂಗಗಳು ಯಾವ ಪ್ರಚಾರ ಕಚೇರಿಯಲ್ಲೂ ಹುಟ್ಟಲಾರವು..." ರಿತೇಶ್ ಕೇಳಿದ್ದು ಒಂದು ಸಾಲು. ಚಂದ್ರಮೋಹನ ಕೊಟ್ಟದ್ದು ಒಂದೂವರೆ ಪುಟ. ಕೆಲಸಕ್ಕೆ ಕೈ ಹಚ್ಚಿದ ಮೇಲೆ ಅವರಿಗೆ ರುಚಿ ಹತ್ತಿತ್ತು.

"ಓದಿದವರು, ದೊಡ್ಡವರು," ಎಂದ ಅಪ್ಪ ಪತ್ರಿಕೆ ಮಡಚಿ. "ಅವರಿಗೇ ಹಾಗೆ ಕಂಡಿದ್ದರೆ ಹಾಗೇ ಇರಬೇಕು. ಅಲ್ವಾ?"

"ಪತಾ ನಹೀ ಅಪ್ಪ, ಗೊತ್ತಿಲ್ಲ," ಎಂದಿದ್ದ ರಿತೇಶ್.

ಆಮೇಲೆ ಇನ್ನೆರಡು ಪತ್ರಿಕೆಗಳು ಆ ಸಾಲನ್ನೇ ಎತ್ತಿ ಆಡಿಸಿದವು. ಯೂಟ್ಯೂಬಿನಲ್ಲಿ ಒಬ್ಬ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ದೋಸೆ ಹಿಡಿದು ಮಾತಾಡಿದ. ಕರಾವಳಿಯ ಒಂದು ಸಣ್ಣ ಪತ್ರಿಕೆ 'ಓದಿಸಿಕೊಂಡು ಹೋಗುತ್ತದೆ' ಎಂದು ಬರೆದದ್ದನ್ನು ಯಾರೂ ನೋಡಲಿಲ್ಲ. ಸಂಘದವರು ಇಟ್ಟುಕೊಂಡಿದ್ದ ಸಂವಾದ ಮುಂದಕ್ಕೆ ಹೋಗಿ, ಅಲ್ಲಿಂದ ಎಲ್ಲೋ ಹೋಯಿತು. ವಿಮರ್ಶೆಯನ್ನು ಓದಿದವರು ಸಾವಿರ, ಕಾದಂಬರಿಯನ್ನು ಓದಿದವರು ಕುಟ್ಟಪ್ಪ. ರಿತೇಶ್ ವಿಮರ್ಶೆಯನ್ನು ಹಿಂದಿಗೆ ಮಾಡಿಸಿ ಅಭಿಷೇಕನಿಗೆ ಕಳಿಸಿದ. ಅಭಿಷೇಕನಿಂದ ಹೆಬ್ಬೆರಳಿನ ಚಿತ್ರವೊಂದು ಬಂತು.

*

ನಿಗಮಬೋಧ ಘಾಟಿನ ಸ್ಮಶಾನದಲ್ಲಿ ಕಟ್ಟಿಗೆ ಜೋಡಿಸುವವರೆಗೆ ಕಾಯಬೇಕಿತ್ತು. ಆ ಹೊತ್ತಿಗೆ ಅಭಿಷೇಕ್ ಬಂದ. ಕಂಪನಿಯ ಹೆಸರಿದ್ದ ದೊಡ್ಡ ಹೂಚಕ್ರವನ್ನು ಡ್ರೈವರ್ ಹಿಂದಿನಿಂದ ತಂದ. ಅಭಿಷೇಕ್ ರಿತೇಶನನ್ನು ತಬ್ಬಿ, "ಸ್ಟ್ರಾಂಗ್ ರಹನಾ," ಎಂದು ಬೆನ್ನು ತಟ್ಟಿ, ಸ್ವಲ್ಪ ದೂರದಲ್ಲಿ ಫೋನು ನೋಡುತ್ತ ನಿಂತ.

ಚಂದ್ರಮೋಹನ ರಿತೇಶನ ತೋಳು ಹಿಡಿದು ಕಂಬದ ಮರೆಗೆ ಕರೆದೊಯ್ದರು.

"ನಿನಗೆ ಹೇಳದೆ ಇಟ್ಟುಕೊಂಡಿದ್ದು ಒಂದಿದೆ. ಇನ್ನು ಹೇಳದಿದ್ದರೆ ನನಗೇ ಭಾರ," ಎಂದರು. "ವಿಮರ್ಶೆ ಬಂದ ವಾರಕ್ಕೆ ನಿಮ್ಮಪ್ಪ ನನ್ನ ಮನೆಗೆ ಬಂದಿದ್ದರು."

ರಿತೇಶ್ ಅವರ ಮುಖ ನೋಡಿದ.

"ಜಗಳಕ್ಕಲ್ಲ. ಪುಸ್ತಕ ತಂದಿದ್ದರು, ಒಂದು ಪೆನ್ಸಿಲ್ ತಂದಿದ್ದರು. 'ಎಲ್ಲೆಲ್ಲಿ ಸುಳ್ಳಾಗಿದೆ ಗುರುತು ಹಾಕಿಕೊಡಿ ಸರ್, ಎರಡನೇ ಮುದ್ರಣಕ್ಕೆ ತಿದ್ದುತ್ತೇನೆ' ಅಂದರು. ನಾನು ಪುಟ ತಿರುವಿದೆ, ತಿರುವಿದೆ. ಎಲ್ಲಿ ಅಂತ ಗುರುತು ಹಾಕಲಿ? ನಾನೂ ಮನುಷ್ಯ ತಾನೆ. ಹೇಳಿಬಿಟ್ಟೆ."

"ಏನಂತ?"

"ನೀನು ಬಂದಿದ್ದೆ ಅಂತ."

ಪಕ್ಕದ ಕಟ್ಟೆಯ ಮೇಲೆ ಯಾರದೋ ಚಿತೆ ಚಟಪಟ ಸಿಡಿಯುತ್ತಿತ್ತು.

"ಅಪ್ಪ ಏನಂದ್ರು?"

"ಚಹಾ ಕುಡಿದರು. 'ಅವನು ಹೇಳಿದ್ದಾ? ಹಾಗಾದರೆ ಸರಿ' ಅಂದರು. ಹೋಗುವಾಗ, ತಾವು ಬಂದದ್ದು ನಿನಗೆ ಗೊತ್ತಾಗೋದು ಬೇಡ ಅಂದರು."

ಎರಡು ವರ್ಷ. ರಿತೇಶ್ ಲೆಕ್ಕ ಹಾಕಲಿಲ್ಲ, ಲೆಕ್ಕ ತಾನಾಗಿ ಬಂತು. ಆ ಎರಡು ವರ್ಷಗಳ ಭಾನುವಾರಗಳಲ್ಲೆಲ್ಲ ಅಪ್ಪ ಅವನಿಗೆ ತಾನೇ ಕಾವಲಿಯ ಮುಂದೆ ನಿಂತು ದೋಸೆ ಹಾಕಿದ್ದ. "ತಿನ್ನು, ಬಿಸಿ ಇದೆ," ಎಂದಿದ್ದ. ಕೆಲಸ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಆಸಕ್ತಿ ಕಡಿಮೆಯಾಗಿದೆ ಎಂದು ರಿತೇಶ್ ಸಮಾಧಾನಪಟ್ಟುಕೊಂಡಿದ್ದ. ಎರಡನೆಯ ಕಾದಂಬರಿಯ ನಲವತ್ತು ಪುಟ ಬರೆದು ನಿಲ್ಲಿಸಿದ್ದಕ್ಕೂ ಅದೇ ಕಾರಣವೆಂದುಕೊಂಡಿದ್ದ. ಮೂರು ಗಂಟೆಗೆ ಬೇಸಿನ್ನಿನ ಪಕ್ಕದ ಟೇಬಲ್ಲಿಗೆ ಅಪ್ಪ ಗಿರಾಕಿಗಳನ್ನು ಕೂರಿಸತೊಡಗಿದ್ದ.

ಕಟ್ಟಿಗೆ ಸಿದ್ಧವಾಯಿತು. ಬೆಂಕಿ ಇಡುವ ಮುನ್ನ ಎರಡು ಮಾತು ಆಡಬೇಕೆಂದು ಸಂಘದವರು ಕೇಳಿಕೊಂಡರು. ಚಂದ್ರಮೋಹನ ಕೈ ಕಟ್ಟಿಕೊಂಡು ಮುಂದೆ ಬಂದರು. ಗಂಟಲು ಸರಿಮಾಡಿಕೊಂಡರು.

"ಜಯಾನಂದರು ಅಪಾರ ಕಲ್ಪನಾಶಕ್ತಿಯ ಲೇಖಕರು. ತಾವು ಕಾಣದ ಲೋಕವನ್ನು ಕಲ್ಪನೆಯಿಂದಲೇ ಕಟ್ಟಿ ನಿಲ್ಲಿಸಿದರು. ಅಂದು ನಾನು ಸ್ವಲ್ಪ ಕಟುವಾಗಿ ಬರೆದೆನೇನೋ. ಆದರೆ ಆ ಕಲ್ಪನೆಯ..."

"ಯಾವುದು ಕಲ್ಪನೆ?" ಎಂದರು ಕುಟ್ಟಪ್ಪ.

ಅವರು ಕೂಗಲಿಲ್ಲ. ಆದರೂ ಎಲ್ಲರೂ ಅತ್ತ ತಿರುಗಿದರು.

"ಕುಟ್ಟಪ್ಪನವರೇ, ಇದು ಚರ್ಚೆಯ ಜಾಗ ಅಲ್ಲ."

"ಗೊತ್ತು. ಜಾಗ ಸಿಕ್ಕಿದ್ದರೆ ಅವನು ಬದುಕಿದ್ದಾಗಲೇ ಕೇಳ್ತಿದ್ದೆ. ಸಂವಾದ ಇಡ್ತೀವಿ ಅಂದವರು ಇಡಲಿಲ್ಲ." ಕುಟ್ಟಪ್ಪ ರಿತೇಶನ ಕಡೆ ನೋಡಿದರು. ಅವರ ಕಣ್ಣಲ್ಲಿ ಸಂಶಯವಿರಲಿಲ್ಲ. ನಂಬಿಕೆಯಿತ್ತು. ಅದೇ ಅವನಿಗೆ ಕಷ್ಟವಾಯಿತು. "ಮಗೂ, ನೀನು ಹೇಳು. ನೀನು ಅದೇ ಕೆಲಸದಲ್ಲಿರೋನು, ಒಳಗಿನವನು. ನಿಮ್ಮಪ್ಪ ಬರೆದದ್ದು ಸುಳ್ಳಾ? ಇಷ್ಟು ಜನರ ಎದುರು ಒಂದು ಮಾತು ಹೇಳಿಬಿಡು. ಅವನು ಹಗುರಾಗಿ ಹೋಗಲಿ."

ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಸಂಘದವರು, ಹೋಟೆಲಿನವರು, ಅಡುಗೆಯವರು. ಅಪ್ಪನ ಪುಸ್ತಕ ಬಿಡುಗಡೆಯ ದಿನ ಅಷ್ಟೂ ಜನ ಇರಲಿಲ್ಲ. ಅಭಿಷೇಕ್ ಫೋನಿನಿಂದ ತಲೆಯೆತ್ತಿ, "ಕ್ಯಾ ಪೂಛ್ ರಹೇ ಹೈ ಅಂಕಲ್?" ಎಂದ. ಅವನಿಗೆ ಕನ್ನಡದ ಒಂದಕ್ಷರ ತಿಳಿಯುತ್ತಿರಲಿಲ್ಲ. ರಿತೇಶ್ ಏನು ಹೇಳಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಿ, ಹಿಂದಿಯಲ್ಲಿ ಬೇರೇನಾದರೂ ಹೇಳಿಬಿಡಬಹುದಿತ್ತು. ಇದೂ ರಿತೇಶನಿಗೆ ಆ ಕ್ಷಣದಲ್ಲೇ ಹೊಳೆದಿತ್ತು.

ಚಂದ್ರಮೋಹನ ನೆಲ ನೋಡುತ್ತಿದ್ದರು. ಅಮ್ಮ ಅವನನ್ನು ನೋಡುತ್ತಿದ್ದಳು.

"ಕಲ್ಪನೆ ಅಂಕಲ್," ಎಂದ ರಿತೇಶ್. "ಸಬ್ ಕಲ್ಪನೆ. ಅಪ್ಪ ಒಳ್ಳೇ ಕತೆ ಕಟ್ಟಿದ್ರು, ಬಸ್."

ಕುಟ್ಟಪ್ಪ ತಪ್ಪು ವಿಳಾಸಕ್ಕೆ ಬಂದವರಂತೆ ತಲೆಯಾಡಿಸಿ ಹಿಂದೆ ಸರಿದರು. "ಸರಿ. ಹಾಗಾದರೆ ನನಗೇ ತಿಳೀಲಿಲ್ಲ," ಎಂದರು.

ಪುರೋಹಿತ ಅವಸರಿಸಿದ. ರಿತೇಶ್ ನೀರಿನ ಗಡಿಗೆಯನ್ನು ಹೆಗಲಿಗಿಟ್ಟು ಮೂರು ಸುತ್ತು ಬಂದ. ದಿಲೀಪ್ ಹಿಂದಿನಿಂದ ಒಂದೊಂದು ಸುತ್ತಿಗೆ ಒಂದೊಂದು ತೂತು ಹಾಕಿದ. ತಣ್ಣನೆಯ ನೀರು ಬೆನ್ನಿಗೆ ಹರಿಯಿತು. ಬೆಂಕಿ ಮೊದಲು ಹಿಡಿಯಲಿಲ್ಲ. ಕಟ್ಟಿಗೆ ಹಸಿಯಿದೆಯೆಂದು ಯಾರೋ ಗೊಣಗಿದರು. ಇನ್ನಷ್ಟು ತುಪ್ಪ ಸುರಿದ ಮೇಲೆ ಹಿಡಿಯಿತು. ಅಭಿಷೇಕ್ ಹೊರಡುವ ಮುನ್ನ ಹತ್ತಿರ ಬಂದು, "ಮೂರು ದಿನ ತಗೋ. ಶುಕ್ರವಾರದಿಂದ ಸೈಲೆನ್ಸ್ ಪೀರಿಯಡ್, ನೀನು ಬೇಕೇಬೇಕು," ಎಂದ. ರಿತೇಶ್ ತಲೆಯಾಡಿಸಿದ.

ಮರಳುವಾಗ ಅಮ್ಮ ಮಗನ ಜತೆ ಬರಲಿಲ್ಲ. ಕುಟ್ಟಪ್ಪ ಕರೆದಿದ್ದ ಟ್ಯಾಕ್ಸಿಯಲ್ಲಿ ಕೂತಳು.

ರಿತೇಶ್ ಲಕ್ಷ್ಮೀ ನಗರ ತಲುಪಿದಾಗ ಉಳಿದವರು ಆಗಲೇ ಬಂದಾಗಿತ್ತು. ಕೆಳಗಿನ ಮನೆಯ ಪಂಜಾಬಿ ಹೆಂಗಸು ಮೆಟ್ಟಿಲ ಬುಡದಲ್ಲಿ ಬಕೆಟ್ಟು ತುಂಬ ನೀರಿಟ್ಟು, ಬೇವಿನ ಸೊಪ್ಪು ಹಾಕಿ, ಮಗ್ಗು ಹಿಡಿದು ನಿಂತಿದ್ದಳು. ಜಲಜಾಕ್ಷಿ ಅವಳ ಕೈಯಿಂದ ಮಗ್ಗು ತೆಗೆದುಕೊಂಡಳು. "ನೀವು ಬಿಡಿ ಭಾಭಿ. ನಾನು ಮಾಡ್ತೇನೆ," ಎಂದಳು ಹಿಂದಿಯಲ್ಲಿ.

"ಅಕ್ಕ, ನೀನು ಬೇಡ," ಎಂದ ದಿಲೀಪ್. ಅವಳು ಕೇಳಿಸಿಕೊಳ್ಳಲಿಲ್ಲ. ಮೊದಲು ಕುಟ್ಟಪ್ಪನವರ ಕಾಲಿಗೆ ನೀರು ಹಾಕಿದಳು. ಅವರು ಸಂಕೋಚದಿಂದ ಪ್ಯಾಂಟಿನ ಅಂಚು ಎತ್ತಿ ಹಿಡಿದು ಕಾಲು ತೊಳೆದು ಮೇಲೆ ಹೋದರು. ಆಮೇಲೆ ದಿಲೀಪನಿಗೆ. ಆಮೇಲೆ ಹೋಟೆಲಿನ ಇಬ್ಬರು ಅಡುಗೆಯವರಿಗೆ, ಹಿಮ್ಮಡಿಗೂ ತಾಗುವಂತೆ, ಸಾವಕಾಶವಾಗಿ.

ರಿತೇಶ್ ಚಪ್ಪಲಿ ಕಳಚಿ ಬಲಗಾಲನ್ನು ಮುಂದೆ ಇಟ್ಟ.

ಜಲಜಾಕ್ಷಿ ಮಗ್ಗಿನಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿಗೆ ಸುರಿದಳು. ಮಗ್ಗನ್ನು ಅಂಚಿಗೆ ಸಿಕ್ಕಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಎರಡನೆಯ ಮಹಡಿಯಲ್ಲಿ ಪಾಠ ಬಿಟ್ಟಿತ್ತು. ವಿದ್ಯಾರ್ಥಿಗಳು ಅವಳಿಗೆ ದಾರಿ ಬಿಟ್ಟು ಗೋಡೆಗೆ ಸರಿದರು. ಆಮೇಲೆ ಧಡಧಡನೆ ಕೆಳಗಿಳಿದು ಬಂದು, ಮೆಟ್ಟಿಲ ಬುಡದಲ್ಲಿ ಬಗ್ಗಿ, ಒಂದು ಕೈಯಿಂದ ತನ್ನ ಕಾಲಿಗೆ ತಾನೇ ನೀರು ಹೊಯ್ದುಕೊಳ್ಳುತ್ತಿದ್ದ ಮನುಷ್ಯನನ್ನು ಬಳಸಿಕೊಂಡು ಬೀದಿಗೆ ಹೋದರು.